ರಜೆ ಮುಗಿಸಿ ಬಂದ ಡಾಕ್ಟ್ರಮ್ಮನ ರಾಜೀನಾಮೆ

ರಜೆ ಮುಗಿಸಿ ಬಂದಾಗಲೆಲ್ಲ ನನಗೆ ಕೆಲಸ ಬಿಟ್ಟುಬಿಡಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸಿದ ವಾರದಲ್ಲೇ ನಗು ಬರಿಸುವ ಸಂಗತಿಗಳೂ ಸಾಲುಗಟ್ಟಿ ನಡೆಯುತ್ತವೆ. ಇದು ಕಾಕತಾಳೀಯವೋ, ಈ ಕಡೆಯ ಕುರಿ ಮೇಕೆಗಳ ಒಳಸಂಚೋ ನನಗಿನ್ನೂ ಗೊತ್ತಾಗಿಲ್ಲ.

ನಾನು ದೇವಸಮುದ್ರದ ಕಡೆ ದನದ ಡಾಕ್ಟರು. ಮನೆ ಚಳ್ಳಕೆರೆಯಲ್ಲಿ. ಯಜಮಾನರು ಅಲ್ಲೇ ಹೈಸ್ಕೂಲು ಮೇಷ್ಟ್ರು. ಕೆಲಸ ಬರುವುದಿಲ್ಲ ಅಂತ ಬೇಜಾರಾಗುವ ಪೈಕಿ ನಾನಲ್ಲ. ನನ್ನ ಕೈಗುಣ ಚೆನ್ನಾಗಿದೆ ಅಂತ ಊರವರು ಹೇಳುತ್ತಾರೆ. ಅವರು ಮರೆತರೆ ನಾನೇ ಹೇಳುತ್ತೇನೆ. ಆದರೆ ಈ ಸಲ ದಸರಾ ರಜೆಗೆ ಗೋಕರ್ಣಕ್ಕೆ ಹೋಗಿದ್ದು ತಪ್ಪಾಯಿತು. ಅಲೆ ಬಂದು ಕಾಲು ತೊಳೆದು ಹೋಗುತ್ತಿತ್ತು. ಅಷ್ಟು ದಿನದಲ್ಲಿ ಒಬ್ಬರೂ ಬಂದು, "ಒಸಿ ಬಾಲ ಎತ್ತಿ ನೋಡ್ರಿ ಮೇಡಂ" ಅನ್ನಲಿಲ್ಲ. ಬದುಕು ಅಂದರೆ ಇದು ಅನ್ನಿಸಿಬಿಟ್ಟಿತು.

ಅದೇ ಹೊತ್ತಿಗೆ ಅಣ್ಣನ ಹೆಂಡತಿ ಫೋನ್ ಮಾಡಿದರು. ಮೊಳಕಾಲ್ಮೂರಿನಲ್ಲಿ ಅತ್ತಿಗೆಯದು ರೇಷ್ಮೆ ಸೀರೆ ಅಂಗಡಿ.

"ನಂಗೊಬ್ಬಳಿಗೇ ಆಗ್ತಿಲ್ಲ ಕಣೇ. ನೀನೂ ಬಾ, ಸೇರಿ ನಡೆಸಾಣ. ಎಷ್ಟು ದಿನ ಸಗಣಿ ತುಳೀತೀಯ? ಬರೋ ಭಾನುವಾರ ಒಂದಿನ ಅಂಗಡೀಲಿ ಕೂತು ನೋಡು. ಹಿಡಿಸಿದ್ರೆ ಸೋಮವಾರ ರಾಜೀನಾಮೆ ಕೊಡು."

ನಾನು ಆಗಲಿ ಅಂದೆ. ನಡುವೆ ಇದ್ದಿದ್ದು ಒಂದೇ ವಾರ.

ಪಕ್ಕದ ಸೀಟಿನ ಸಲಹೆ

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದವಳೇ ಗೆಳತಿಗೆ ಫೋನ್ ಮಾಡಿ ಗೋಳು ಹೇಳಿಕೊಳ್ಳತೊಡಗಿದೆ. "ಬೆಳಿಗ್ಗೆ ಏಳೋಕೇ ಮನಸ್ಸಿಲ್ಲ ಕಣೇ. ಊಟ ಸೇರ್ತಿಲ್ಲ. ಯಾರ ಜೊತೇನೂ ಬೆರೆಯೋಣ ಅನ್ನಿಸ್ತಿಲ್ಲ. ಒಂದು ಮೂಲೇಲಿ ಸುಮ್ನೆ ನಿಂತುಬಿಡೋಣ ಅನ್ಸುತ್ತೆ."

ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿಸಿಕೊಂಡರು. ಫೋನ್ ಇಟ್ಟ ಕೂಡಲೇ ನನ್ನ ಮೊಣಕೈ ತಟ್ಟಿದರು.

"ಯವ್ವಾ, ನಮ್ಮ ಟಗರಿಗೂ ಥೇಟ್ ಇಂಗೇ ಆಗಿತ್ತು. ಮೇವು ಮುಟ್ಟಂಗಿಲ್ಲ, ಮಂದ್ಯಾಗೆ ಸೇರಂಗಿಲ್ಲ, ಮೂಲ್ಯಾಗೆ ನಿಂತ್ಕಂಬಿಡೋದು. ದೇವಸಮುದ್ರದಾಗೆ ಒಬ್ಳು ಡಾಕ್ಟ್ರಮ್ಮ ಅವ್ಳೆ. ಒಂದು ಸೂಜಿ ಹಾಕಿದ್ಲು ನೋಡು, ಮಾರನೇ ದಿನಾನೇ ನಮ್ಮ ಯಜಮಾನಪ್ಪನ್ನ ಗುದ್ದಿ ಕೆಡವ್ತು. ಒಂದ್ಸಲ ತೋರಿಸ್ಕಂಡು ಬಾ."

ಬಸ್ಸಿನ ಧೂಳಿಗೆ ಅಂತ ಹಾಕಿಕೊಂಡಿದ್ದ ಮಾಸ್ಕ್ ಕೆಳಗೆ ಎಳೆದು, "ಅಜ್ಜೀ, ಆ ಡಾಕ್ಟ್ರಮ್ಮ ನಾನೇ" ಅಂದೆ.

ಅಜ್ಜಿ ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಒಂದಿಷ್ಟೂ ಗಲಿಬಿಲಿ ಇಲ್ಲ.

"ಹಂಗಾದ್ರೆ ಅಷ್ಟು ದೂರ ಯಾಕ್ ಹೋಗ್ತೀಯಾ? ಇಲ್ಲೇ ಚುಚ್ಕಳವ್ವ."

ಮೇವಿಲ್ಲದ ಊರು

ಆಸ್ಪತ್ರೆ ಮುಂದೆ ಬೇವಿನ ಮರದ ಕೆಳಗೆ ಜನ ಕಾಯುತ್ತಿದ್ದರು. ನಾನು ಸಮುದ್ರ ನೋಡಲು ಹೋಗಿದ್ದೇನೆ ಅಂತ ನಮ್ಮ ಅಟೆಂಡರು ಊರಿಗೆಲ್ಲ ಹೇಳಿಟ್ಟಿದ್ದ. ಕಂಬಳಿ ಹೊದ್ದ ಕುರಿಗಾಹಿ ಯಜಮಾನರೊಬ್ಬರು ಮೊದಲು ಅದನ್ನೇ ಎತ್ತಿಕೊಂಡರು.

"ಸಮುದ್ರ ನೋಡಾಕೆ ಹೋಗಿದ್ರಂತೆ? ನಮ್ಮೂರ ಹೆಸರಾಗೇ ಐತಲ್ಲ ತಾಯಿ, ಸಾಲಲಿಲ್ವಾ?"

"ಹೆಸರಲ್ಲಿ ಇರೋದು ಬೇರೆ ಯಜಮಾನ್ರೇ. ಅಲ್ಲಿ ಕಣ್ಣು ಹಾಯಿಸಿದಷ್ಟೂ ನೀರು."

ನೀರು ಅಂದ ತಕ್ಷಣ ಅವರ ಮುಖ ಅರಳಿತು. "ಹೌದ್ರಾ? ಕುರಿ ಕುಡೀತಾವಾ?"

"ಇಲ್ಲ. ಉಪ್ಪು ನೀರು."

"ಹೋಗ್ಲಿ, ದಡದಾಗೆ ಮೇವೈತಾ?"

"ಇಲ್ಲ. ಬರೀ ಮರಳು."

"ನೆಳ್ಳು?"

"ಅಷ್ಟಿಲ್ಲ."

ಯಜಮಾನರು ಕಂಬಳಿ ಸರಿಮಾಡಿಕೊಂಡು, ಮನೆ ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಅಂದರು: "ಮೇವಿಲ್ಲ, ಕುಡಿಯಾಕೆ ನೀರಿಲ್ಲ, ನೆಳ್ಳಿಲ್ಲ. ಅಂಥಾ ಊರಾಗಿದ್ರೆ ನಾವು ಮಂದೆ ಹೊಡ್ಕಂಡು ಬಿಟ್ಟು ಬತ್ತೀವಿ ತಾಯಿ. ನೀವು ರಜಾ ಹಾಕ್ಕಂಡು ಹೋಗಿದ್ರಾ?"

ಒಳಗೆ ಸಿಕ್ಕಿಕೊಂಡ ಕೈ

ಗುರುವಾರ ಮಧ್ಯಾಹ್ನ ನಮ್ಮ ತಾಲ್ಲೂಕಿನದೇ ಸಿದ್ದಾಪುರದಿಂದ ಕರೆ ಬಂತು. ಒಂದು ಕುರಿ ಬೆಳಗಿನಿಂದ ಈಯಲಾರದೆ ಒದ್ದಾಡುತ್ತಿದೆ ಅಂತ. ಆ ಕಡೆಯ ಡಾಕ್ಟರು ರಜೆಯಲ್ಲಿದ್ದರು. ಅವರ ರಜೆಯ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಲೇ ಹೋದೆ.

ಬಂಡೆಗಳ ನಡುವೆ ಕುರಿ ಮಲಗಿತ್ತು. ಮರಿಯ ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಕೈ ಒಳಗೆ ಹಾಕಿ ಕಾಲನ್ನು ಹುಡುಕುತ್ತಿರುವಾಗ ಬ್ಯಾಗಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಕುರಿ ಯಜಮಾನನ ಹೆಂಡತಿ ಅದನ್ನು ತೆಗೆದು ನನ್ನ ಮುಂದೆ ಹಿಡಿದಳು. ಅತ್ತಿಗೆ. ಭಾನುವಾರದ ವಿಚಾರವೇ ಇರಬೇಕು. ಆ ಹೆಂಗಸಿಗೆ, "ಆಮೇಲೆ ಮಾಡ್ತಾರಂತೆ ಅಂತ ಹೇಳಮ್ಮ" ಅಂದೆ.

ಆಕೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಆಂಧ್ರದವರೆಗೂ ಕೇಳುವಂತೆ ಕೂಗಿದಳು. "ಹಲೋ! ಡಾಕ್ಟ್ರಮ್ಮಂಗೆ ಮಾತಾಡಾಕೆ ಆಗಂಗಿಲ್ಲ! ಕೈ ಒಳಗೆ ಸಿಕ್ಕಾಕ್ಕಂಡೈತೆ! ಎಳೀತಾ ಅವ್ರೆ, ಬತ್ತಾ ಇಲ್ಲ!"

ಸಿದ್ದಾಪುರದಲ್ಲಿ ಸಿಗ್ನಲ್ ಬಂಡೆಯಿಂದ ಬಂಡೆಗೆ ಬದಲಾಗುತ್ತದೆ. ಸರಿಯಾಗಿ ಅಲ್ಲಿಗೆ ಕಟ್ ಆಯಿತು.

ನನಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಬೆರಳಿಗೆ ಗೊರಸು ಸಿಕ್ಕಿತ್ತು. ಮೆಲ್ಲಗೆ ಕಾಲು ನೇರ ಮಾಡಿ ಎಳೆದೆ. ಮರಿ ಜಾರಿ ಬಂದು ಹುಲ್ಲಿನ ಮೇಲೆ ಬಿತ್ತು. ಉಸಿರಿಲ್ಲ. ಮೂಗು ಒರೆಸಿ, ಪಕ್ಕೆ ಉಜ್ಜಿ, ಒಣಹುಲ್ಲಿನ ಕಡ್ಡಿಯಿಂದ ಮೂಗಿನೊಳಗೆ ಕೆಣಕಿದೆ. ಒಂದು ಸೀನು ಸೀನಿತು. ತಾಯಿ ಕತ್ತು ತಿರುಗಿಸಿ ನೆಕ್ಕತೊಡಗಿತು. ಸ್ವಲ್ಪ ಹೊತ್ತಿಗೆ ಮರಿ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ ಎದ್ದು ನಿಂತಿತು. ಗೋಕರ್ಣದ ಅಲೆ ನೋಡಿದಾಗಲೂ ನನ್ನ ಎದೆ ಅಷ್ಟು ಹಗುರಾಗಿರಲಿಲ್ಲ. ಇದನ್ನು ಆಗ ಯಾರಿಗೂ ಹೇಳಲಿಲ್ಲ.

ಇತ್ತ ಅತ್ತಿಗೆ ಗಾಬರಿಯಾಗಿ ನಮ್ಮ ಯಜಮಾನರಿಗೆ ಫೋನ್ ಮಾಡಿದ್ದರು. "ರೀ ಮೇಷ್ಟ್ರೇ, ಅವಳ ಕೈ ಎಲ್ಲೋ ಒಳಗೆ ಸಿಕ್ಕಿಹಾಕ್ಕೊಂಡಿದೆಯಂತೆ! ಎಳೆದ್ರೂ ಬರ್ತಿಲ್ವಂತೆ!"

ಯಜಮಾನರು ಶಾಂತವಾಗಿ ಕೇಳಿದರಂತೆ: "ಯಾವುದರ ಒಳಗೆ ಅಂತ ಹೇಳಿದ್ರಾ? ಕುರಿ ಆದ್ರೆ ಅರ್ಧ ಗಂಟೆ. ಎಮ್ಮೆ ಆದ್ರೆ ಅಡುಗೆ ನಾನೇ ಮಾಡ್ಬೇಕು."

ಭಾನುವಾರದ ವ್ಯಾಪಾರ

ಭಾನುವಾರ ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದು, ಮೊಳಕಾಲ್ಮೂರಿನ ಅಂಗಡಿಯ ಮೆತ್ತನೆ ಗಾದಿಯ ಮೇಲೆ ಕೂತೆ. ಫ್ಯಾನು ತಿರುಗುತ್ತಿತ್ತು. ಸಗಣಿಯ ಸುಳಿವಿಲ್ಲ. ಅತ್ತಿಗೆಗೆ ಖುಷಿಯೋ ಖುಷಿ.

ಮೊದಲ ಗಿರಾಕಿ ಮಗಳ ಮದುವೆಗೆ ಸೀರೆ ನೋಡಲು ಬಂದ ಹೆಂಗಸು. ಅಂಚು ಬಿಡಿಸಿ ತೋರಿಸುತ್ತಿದ್ದೆ. ಆಕೆ ಅಂಚು ನೋಡದೆ ನನ್ನನ್ನೇ ನೋಡುತ್ತಿದ್ದಳು.

"ನೀವು ದೇವಸಮುದ್ರದ ಡಾಕ್ಟ್ರಮ್ಮ ಅಲ್ವೇನ್ರೀ? ಸೀರೆ ಇರ್ಲಿ ಬಿಡ್ರಿ. ನಮ್ಮೆಮ್ಮೆ ಕೆಚ್ಚಲು ಬಾತುಕೊಂಡೈತೆ."

ಅತ್ತಿಗೆ ಕೆಮ್ಮಿದರು. ನಾನು ಮೆಲ್ಲಗೆ ಔಷಧಿ ಹೇಳಿ ಕಳಿಸಿದೆ. ಆಕೆ ಮೆಲ್ಲಗೆ ಹೇಳುವ ಪೈಕಿ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಸಂತೆಗೆ ಬಂದವರಿಗೆಲ್ಲ ಸುದ್ದಿ ಹೋಯಿತು. ಒಬ್ಬ ಮುದುಕಿ ಮೇಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ಮಾ ಮೇಕ ತಿನಟ್ಲೇದಮ್ಮಾ" ಅಂತ ತೆಲುಗಿನಲ್ಲಿ ಅತ್ತಳು. ಮೇಕೆ ಏನೂ ತಿನ್ನುತ್ತಿಲ್ಲವಂತೆ. ಅವಳು ಹಾಗೆ ಹೇಳುತ್ತಿರುವಾಗಲೇ ಅದು ಬಿಡಿಸಿಟ್ಟಿದ್ದ ಸೀರೆಯ ಹೂವಿನ ಬುಟ್ಟಾ ಸೆರಗಿಗೆ ಬಾಯಿ ಹಾಕಿತು. ಅತ್ತಿಗೆ ಚೀರಿ ಕಿತ್ತುಕೊಂಡರು. ನಾನು ಮುದುಕಿಯ ಕಡೆ ತಿರುಗಿ, "ಹಸಿವಿದೆ, ಹೆದರಬೇಡಿ" ಅಂದೆ.

ಅಷ್ಟರಲ್ಲಿ ಬಾಗಿಲಲ್ಲಿ ಕುಂಟುವ ಟಗರು, ಮೆಟ್ಟಿಲ ಕೆಳಗೆ ಕರು, ಬುಟ್ಟಿಯಲ್ಲಿ ಕೋಳಿ. ನಾನು ಯಾವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಇಳಿದೆನೋ ನನಗೇ ತಿಳಿಯಲಿಲ್ಲ. ಟಗರಿನ ಗೊರಸಿನಿಂದ ಮುಳ್ಳು ಕಿತ್ತು ತಲೆ ಎತ್ತಿದರೆ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನಿನ್ನ ಮುಖ ಒಂದ್ಸಲ ಕನ್ನಡೀಲಿ ನೋಡ್ಕೋ. ಬೆಳಿಗ್ಗೆ ಗಾದಿ ಮೇಲೆ ಕೂತಾಗ ಇಷ್ಟು ಕಳೆ ಇರಲಿಲ್ಲ."

"ಅತ್ತಿಗೆ, ನಾನು..."

"ಏನೂ ಹೇಳ್ಬೇಡ. ಗೊತ್ತಾಯ್ತು."

ಅದೇ ಹೊತ್ತಿಗೆ ಮೋಟರ್ ಸೈಕಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರು ಬಂದು ನಿಂತರು. ಗಂಡ ಟಗರನ್ನು, ಕರುವನ್ನು, ಕೋಳಿ ಬುಟ್ಟಿಯನ್ನು ದಾಟಿಕೊಂಡು ಮೆಟ್ಟಿಲ ತನಕ ಬಂದ. ಒಳಗೆ ಹರಡಿದ್ದ ರೇಷ್ಮೆ ನೋಡಿ ಅವನಿಗೆ ಬಹಳ ಆಶ್ಚರ್ಯವಾಯಿತು.

"ಏನಮ್ಮಾ, ಈ ಆಸ್ಪತ್ರೇಲಿ ಸೀರೇನೂ ಮಾರ್ತೀರಾ?"

ಅತ್ತಿಗೆ ನನ್ನ ಕಡೆ ಒಂದು ನೋಟ ನೋಡಿ ಅಂದರು: "ಇವತ್ತಿಲ್ಲಪ್ಪ. ನಾಳೆ ಇವಳು ತನ್ನ ಆಸ್ಪತ್ರೆಗೆ ಹೋದ್ಮೇಲೆ ಮಾರ್ತೀವಿ."