ನೀರುಳ್ಳಿ ಸಿಪ್ಪೆಯ ಈಸ್ಟರ್

ಈಸ್ಟರ್ ಹಬ್ಬದ ವಿಷಯದಲ್ಲಿ ಇಡೀ ಶಿರವಾಡದಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬುದು, ಮೊಬೈಲಿನಲ್ಲಿ ಒಂದೇ ಒಂದು ಲೇಖನ ಓದಿ ಮುಗಿಸುತ್ತಲೇ ನನಗೆ ಮನವರಿಕೆಯಾಯಿತು. ಪಕ್ಕದ ಮನೆಯ ರೋಜಿ ಬಾಯಿ ಹುಟ್ಟಿದಂದಿನಿಂದ ಆ ಹಬ್ಬ ಮಾಡುತ್ತ ಬಂದವರು. ಆದರೇನು, ಓದಿದವನು ನಾನಲ್ಲವೇ!

ಬೇಲಿಯ ಬಳಿ ನಿಂತು ಉಪನ್ಯಾಸ ಶುರು ಮಾಡಿದೆ. "ನೋಡಿ ಬಾಯಿ, ಹಿಂದೆ ಯುರೋಪಿನಲ್ಲಿ ಹಬ್ಬದ ಮುಂಚಿನ ಉಪವಾಸಕ್ಕೆ ಮೊಟ್ಟೆ ತಿನ್ನೂ ಹಾಗಿರ್ಲಿಲ್ಲ. ಕೋಳಿಗೆ ಅದು ಗೊತ್ತಾ? ಇಡ್ತಾನೇ ಇತ್ತು. ಹಬ್ಬಕ್ಕೆ ರಾಶಿ ಮೊಟ್ಟೆ! ನೀರುಳ್ಳಿ ಸಿಪ್ಪೆ ಹಾಕಿ ಬೇಯ್ಸಿ ಬಣ್ಣ ಮಾಡ್ತಿದ್ರು. ಮೊಟ್ಟೆ ಅಂದ್ರೆ ಹೊಸ ಜೀವ! ಜರ್ಮನಿಯಲ್ಲಿ ಅದನ್ನ ಮೊಲ ತಂದು ಅಡಗಿಸ್ತದೆ, ಮಕ್ಕಳು ಹುಡುಕಬೇಕು."

"ಮೊಲ ಎಂತಕ್ಕೆ ಮೊಟ್ಟೆ ತರ್ತದೆ?" ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ ಶಾರದೆ ಕೇಳಿದಳು.

ಲೇಖನ ಅಷ್ಟು ದೂರ ಹೋಗಿರಲಿಲ್ಲ. "ಹಬ್ಬದ ದಿನ ಗೊತ್ತು ಮಾಡೂದೂ ಹುಣ್ಣಿಮೆ ನೋಡಿ!" ಎಂದು ವಿಷಯ ಬದಲಿಸಿದೆ.

ರೋಜಿ ಬಾಯಿ ನಕ್ಕರು. "ನಮ್ಮನೇಲಿ ಹುಡುಕೂದೆಲ್ಲ ಇಲ್ಲ ನಾಯ್ಕ್ರೇ. ಆದ್ರೆ ಅಂಕೋಲಾದಿಂದ ಮೊಮ್ಮಕ್ಕಳು ಬರ್ತಾರೆ, ಮೊಬೈಲ್ ಬಿಟ್ಟು ತಲೆ ಎತ್ತೂದಿಲ್ಲ. ನೀವೇ ಆಡ್ಸಿ."

ನಾನು ಕೆಲಸಕ್ಕಿದ್ದ ಕದ್ರಾದ ಆಫೀಸಿನಲ್ಲೂ ನನಗೆ ಯಾರೂ ಇಷ್ಟು ನಂಬಿ ಕೆಲಸ ಕೊಟ್ಟಿರಲಿಲ್ಲ. ಬಿಳಿ ಫಾರ್ಮ್ ಮೊಟ್ಟೆ ತಂದೆ. ಮಳೆಗಾಲಕ್ಕೆಂದು ಶಾರದೆ ಹೆಣೆದು ತೂಗುಹಾಕಿದ್ದ ಕುಮಟಾ ನೀರುಳ್ಳಿಯ ಮೈಮೇಲಿನ ಸಿಪ್ಪೆಯನ್ನೆಲ್ಲ ಸುಲಿದೆ. ಹಬ್ಬದ ಹಿಂದಿನ ದಿನ ಬೆಳಗಿನಿಂದ ಅಡುಗೆಮನೆಯನ್ನು ವಶಪಡಿಸಿಕೊಂಡು ಕುದಿಸಿದೆ. ಮೊಟ್ಟೆಗಳು ಕಂದು ಬಣ್ಣಕ್ಕೆ ತಿರುಗಿದವು.

ಶಾರದೆ ಒಂದನ್ನು ಎತ್ತಿ ನೋಡಿದಳು. "ಇದು ಊರಕೋಳಿ ಮೊಟ್ಟೆ ಬಣ್ಣ ಅಲ್ಲನಾ? ಅದನ್ನೇ ತಂದಿದ್ರೆ ಮುಗೀತಿತ್ತಪ್ಪ!"

ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡು ಉಳಿದವುಗಳ ಜೊತೆ ಇಟ್ಟೆ.

ಹಬ್ಬದ ಬೆಳಿಗ್ಗೆ ಕಾಗೆಗಳ ಕಾಟಕ್ಕೆ ಹೆದರಿ, ಅಷ್ಟನ್ನೂ ಕಟ್ಟಿಗೆ ಕೊಟ್ಟಿಗೆಯಲ್ಲಿದ್ದ, ಹುಲ್ಲು ಹಾಸಿದ ಬುಟ್ಟಿಯೊಳಗೆ ಬಚ್ಚಿಟ್ಟೆ. ಹೆಂಡತಿಗೂ ಹೇಳಲಿಲ್ಲ. ಗೌಪ್ಯತೆ ಮುಖ್ಯ!

ಮಕ್ಕಳು ಚರ್ಚಿನಿಂದ ಬಂದವರೇ ಅಂಗಳವೆಲ್ಲ ಜಾಲಾಡಿದರು. ನನ್ನ ಕಳೆದುಹೋದ ಚಪ್ಪಲಿ ಸಿಕ್ಕಿತು, ಮೊಟ್ಟೆ ಸಿಗಲಿಲ್ಲ. ಸಣ್ಣವಳ ಮುಖ ಅಳುವ ಹಾಗಾಯಿತು. ಕೊಟ್ಟ ಮಾತು, ಮಾನ, ಎರಡೂ ಹೋಗುತ್ತವೆಂದು ಹೆದರಿ ನಾನೇ ಅವರನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದೆ.

ಬುಟ್ಟಿಯ ಮೇಲೆ ನಮ್ಮ ಕೋಳಿ ಕೂತಿತ್ತು! ಮರಿ ಮಾಡಿಸಲೆಂದೇ ಅತ್ತೆ ಶೆಟಗೇರಿಯಿಂದ ಕಳಿಸಿದ್ದ, ಈವರೆಗೆ ಕಾವಿಗೇ ಕೂರದ ಕೋಳಿ. ಕೈ ಹಾಕಿದೆ. ಕುಕ್ಕಿತು. ಇನ್ನೊಂದು ಕೈ ಹಾಕಿದೆ. ಅದಕ್ಕೂ ಕುಕ್ಕಿತು!

"ಅದು ಮೊಟ್ಟೆ ಇಡೂ ಬುಟ್ಟಿ ಅದೇಯ! ಎಬ್ಬಿಸ್ಬೇಡಿ!" ಶಾರದೆ ಕೂಗಿ, ಶೆಟಗೇರಿಗೆ ಫೋನ್ ಹಚ್ಚಿದಳು. "ಅಮ್ಮಾ, ಕೋಳಿ ಕಡೆಗೂ ಕಾವಿಗೆ ಕೂತದೆ! ಬೇಗ ಒಳ್ಳೆ ಮೊಟ್ಟೆ ಕಳ್ಸು. ಈಗ ಅದ್ರ ಅಡಿಗಿರೂದು ನಿನ್ನ ಅಳಿಯ ಬೇಯ್ಸಿದ್ದು!" ಅತ್ತೆಯ ನಗು ನನ್ನವರೆಗೂ ಕೇಳಿಸಿತು.

ಮಕ್ಕಳು ಮೊಬೈಲ್ ಮರೆತು ಮಧ್ಯಾಹ್ನವೆಲ್ಲ ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ರೋಜಿ ಬಾಯಿಗೆ ಬಹಳ ಖುಷಿಯಾಯಿತು. ನನಗೂ ಆಯಿತು, ಸುಳ್ಳೇಕೆ? ಕೋಳಿ ಕುಕ್ಕಿದ ಬೆರಳಿಗೆ ಬಟ್ಟೆ ಸುತ್ತಿಕೊಂಡೇ, ಅವರು ಕೊಟ್ಟ ಕೇಕನ್ನು ಚೆನ್ನಾಗಿಯೇ ತಿಂದೆ.

ಮೊಟ್ಟೆಯೆಂದರೆ ಹೊಸ ಜೀವ ಎಂಬ ನನ್ನ ಉಪನ್ಯಾಸವನ್ನು ಮನಸಾರೆ ನಂಬಿದ್ದು ಆ ಕೋಳಿ ಒಂದೇ. ಅದೂ ಬೇಯಿಸಿದ್ದೆಂದು ತಿಳಿಯದೆ!