ಟ್ರಾಯ್‌ನಲ್ಲೊಬ್ಬಳು ಪೋರ್ಚುಗೀಸ್ ಕಮ್ಯುನಿಸ್ಟ್

ಬಾಯಿ ಬಿಡದವರಿಗೇ ಭಾಷಣದ ಕೆಲಸ ಗಂಟುಬೀಳುತ್ತದೆ. ನನ್ನ ವಿಷಯದಲ್ಲಂತೂ ಇದು ತಪ್ಪಿದ್ದೇ ಇಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಡೆಟ್ರಾಯ್ಟ್ ಹತ್ತಿರದ ಟ್ರಾಯ್ ಅನ್ನುವ ಊರಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದಾಗ, ಒಂದು ಸೆಮಿಸ್ಟರ್ ಇಡೀ ನಾನು ಪೋರ್ಚುಗಲ್‌ನ ಕಮ್ಯುನಿಸ್ಟ್ ಆಗಿದ್ದೆ.

೧. ಉಳಿದ ಕುರ್ಚಿ

ನಮ್ಮ ಕ್ಲಾಸಿನವರು ಷಿಕಾಗೋಗೆ ಹೋಗಿ ಯುರೋಪಿನ ಪಾರ್ಲಿಮೆಂಟಿನ ಅಣಕು ಅಧಿವೇಶನದಲ್ಲಿ ಕೂರಬೇಕಿತ್ತು. ಒಬ್ಬೊಬ್ಬರಿಗೆ ಒಬ್ಬೊಬ್ಬ ಸದಸ್ಯನ ಪಾತ್ರ. ಎದ್ದು ಮಾತಾಡಿದರಷ್ಟೇ ಪಾಸು. ಫ್ರಾನ್ಸ್, ಜರ್ಮನಿ ಎಲ್ಲ ಕೈ ಎತ್ತಿದವರ ಪಾಲಾದವು. ಕೈ ಎತ್ತದ ನನಗೆ ಉಳಿದದ್ದು ಪೋರ್ಚುಗಲ್‌ನ ಈ ಕಮ್ಯುನಿಸ್ಟ್ ಸದಸ್ಯ.

ಅವರ ಬಗ್ಗೆ ಓದುತ್ತಾ ಹೋದಂತೆ ಅಕ್ಕರೆ ಹುಟ್ಟಿತು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ, ಸರ್ವಾಧಿಕಾರದ ಕಾಲದಲ್ಲಿ ಜೈಲು, ಆಮೇಲೆ ಚುನಾವಣೆ ಮೇಲೆ ಚುನಾವಣೆ ಗೆದ್ದರೂ ಅದೇ ಹಿಂದಿನ ಸಾಲು. ಸಣ್ಣ ಪಕ್ಷಕ್ಕೆ ಸಿಗುವ ಒಂದೊಂದು ನಿಮಿಷದಲ್ಲೇ, ಅರ್ಧ ಖಾಲಿ ಸಭೆಗೆ, ವರ್ಷಗಟ್ಟಲೆ ಮೀನುಗಾರರ ಕಷ್ಟ ಹೇಳಿದ ಮನುಷ್ಯ. ಯಾರೂ ಕೇಳದಿದ್ದರೂ ಅವರು ಮಾತಾಡುತ್ತಿದ್ದರು; ಎಲ್ಲರೂ ಕಾದು ಕೂತರೂ ಮಾತಾಡದವಳು ನಾನು. ಬೇರೆ ಪಾತ್ರ ಕೊಡಿ ಅಂತ ಪ್ರೊಫೆಸರನ್ನು ಕೇಳಬಹುದಿತ್ತು. ಅದಕ್ಕೂ ಮಾತಾಡಬೇಕಿತ್ತಲ್ಲ.

೨. ಸಾರ್ಡೀನ್

ಅವರು ಮೀನುಗಾರಿಕೆ ಸಮಿತಿಯಲ್ಲಿದ್ದರು. ಹಾಗಾಗಿ ನನ್ನ ಗೊತ್ತುವಳಿಯೂ ಸಾರ್ಡೀನ್ ಮೀನಿನದೇ: ಚಿಕ್ಕ ದೋಣಿಯವರ ಪಾಲನ್ನು ದೊಡ್ಡ ಹಡಗುಗಳಿಗೆ ಕೊಡಬಾರದು. ನಮ್ಮ ಮನೆಯಲ್ಲಿ ಮೊಟ್ಟೆ ಹಾಕಿದ ಕೇಕೂ ತರುವಂತಿರಲಿಲ್ಲ. ಡೈನಿಂಗ್ ಟೇಬಲ್ ಮೇಲೆ ಮೀನಿನ ಚಿತ್ರಗಳನ್ನು ಹರಡಿಕೊಂಡು ಕೂತಿದ್ದಾಗ ಅಮ್ಮ ಬಂದು, ಹಾಲಿಗೆ, ತರಕಾರಿಗೆ ಸಮಿತಿ ಇರಲಿಲ್ಲವಾ ಅಂತ ಕೇಳಿದಳು. ಇದೆ, ಇವರು ಅದರಲ್ಲಿಲ್ಲ ಅಂದೆ. ಅಮ್ಮ ಮೀನುಗಳನ್ನೆಲ್ಲ ಮಗುಚಿಟ್ಟು ಚಪಾತಿ ಬಡಿಸಿದಳು.

"ಮಾತಾಡೋದಷ್ಟೇ ತಾನೇ? ರುಚಿ ಹೇಗಿದೆ ಅಂತ ಯಾರೂ ಕೇಳಲ್ವಲ್ಲ?"

೩. ದೇವಸ್ಥಾನದ ಊಟ

ಅಪ್ಪನ ಚಿಂತೆಯೇ ಬೇರೆ. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಬಾಕಿ ಇತ್ತು, ಯಾವತ್ತಾದರೂ ಕಮ್ಯುನಿಸ್ಟ್ ಪಕ್ಷದಲ್ಲಿದ್ದಿರಾ ಅಂತ ಅದರಲ್ಲೇ ಕೇಳಿರುತ್ತಾರೆ. ಹೋಗು, ಮೀನಿನ ವಿಷಯ ಎಷ್ಟು ಬೇಕಾದರೂ ಮಾತಾಡು, ಆ ಪದ ಮಾತ್ರ ಎತ್ತಬೇಡ ಅಂತ ಅಪ್ಪನ ಆಜ್ಞೆ.

ಭಾನುವಾರ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ ಪಕ್ಕದ ಅಂಕಲ್ ಷಿಕಾಗೋದಲ್ಲಿ ನಿನ್ನದು ಯಾರ ಪಾತ್ರ ಅಂತ ಕೆದಕಿ ಕೆದಕಿ ಕೇಳಿದರು. ನಾನು ಪಕ್ಷದ ಹೆಸರು ನುಂಗಿಕೊಂಡು, ಆ ಪಕ್ಷದವರ ಒಂದು ಪದ್ಧತಿ ಮಾತ್ರ ಹೇಳಿದೆ: ಸದಸ್ಯ ತನ್ನ ಹಳೇ ಕೆಲಸದಷ್ಟೇ ಸಂಬಳ ಇಟ್ಟುಕೊಳ್ಳುತ್ತಾನೆ, ಮಿಕ್ಕಿದ್ದನ್ನು ಪಕ್ಷಕ್ಕೆ ಕೊಡುತ್ತಾನೆ. ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿಬಿಟ್ಟರು. ಅಂಕಲ್ ಮಾತ್ರ ಆರಾಮಾಗಿ ಸಾರು ಹಾಕಿಸಿಕೊಂಡರು.

"ಅದರಲ್ಲೇನಿದೆಯಮ್ಮ? ನಮ್ಮ ಕನ್ಸಲ್ಟಿಂಗ್ ಕಂಪನಿನೂ ಹಾಗೇ. ಕ್ಲೈಂಟ್ ಕೊಡೋದು ಒಂದು, ನಮ್ಮ ಕೈಗೆ ಬರೋದು ಇನ್ನೊಂದು."

೪. ಷಿಕಾಗೋ

ಅಪ್ಪನೇ ಡ್ರೈವ್ ಮಾಡಿಕೊಂಡು ಕರೆದೊಯ್ದರು. ನನ್ನ ಮುಂದಿನ ಫಲಕದಲ್ಲಿ 'ಪೋರ್ಚುಗಲ್, ಕಮ್ಯುನಿಸ್ಟ್' ಎಂದು ದಪ್ಪಕ್ಷರದಲ್ಲಿತ್ತು. ಅಪ್ಪ ಪ್ರೇಕ್ಷಕರ ಸಾಲಿನ ಮೂಲೆ ಹಿಡಿದು, ನಾನು ಯಾರೋ ಎನ್ನುವ ಹಾಗೆ ಪೇಪರ್ ಬಿಡಿಸಿಕೊಂಡರು.

ನನ್ನ ಸರದಿ ಬಂತು. ಎದ್ದೆ. ಕೈಯಲ್ಲಿದ್ದ ಹಾಳೆಯನ್ನೇ ತಿರುವಿ ತಿರುವಿ ನೋಡುತ್ತಾ ನಿಂತೆ. ಅಧ್ಯಕ್ಷೆಯಾಗಿದ್ದ ಹುಡುಗಿ ಗಡಿಯಾರ ನೋಡಿದಳು. ಸ್ವೀಡನ್ ಆಗಿದ್ದ ಹುಡುಗ, ಮೀನಿಗೂ ಮಾತು ಬರಲ್ಲ ಬಿಡಿ ಅಂದ. ಎಲ್ಲರೂ ನಕ್ಕರು. ಕೂತುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಹಿಂದೆ ಪೇಪರ್ ಸರಸರ ಅಂದಿತು.

"ಹೇಳು ಪುಟ್ಟಿ," ಅಪ್ಪ ಎದ್ದು ನಿಂತಿದ್ದರು. "ಆ ಬೆಸ್ತರು ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಬೇಕು?"

ಅದು ಹೇಗೋ ಬಾಯಿ ತೆರೆಯಿತು. ದೋಣಿ, ಬಲೆ, ಬಂದರು, ಎಲ್ಲ ಹೇಳಿ ಮುಗಿಸಿದೆ. ಆ ಪಾರ್ಲಿಮೆಂಟಿನಲ್ಲಿ ಅವರವರ ದೇಶದ ಭಾಷೆಯಲ್ಲೇ ಮಾತಾಡಬಹುದು. ಅಪ್ಪ ಆಡಿದ ಕನ್ನಡ ಪೋರ್ಚುಗೀಸ್ ಇರಬೇಕೆಂದುಕೊಂಡ ಅಧ್ಯಕ್ಷೆ, ಪೋರ್ಚುಗಲ್‌ನ ಎರಡನೇ ಕಮ್ಯುನಿಸ್ಟ್ ಸದಸ್ಯರಿಗೂ ಮೈಕಿನಲ್ಲೇ ಧನ್ಯವಾದ ಹೇಳಿದಳು. ಅಪ್ಪ ಬಿಳಿಚಿಕೊಂಡು ಕೂತರು. ನಾನು ಪಾಸಾದೆ. ಗೊತ್ತುವಳಿ ಒಂದೇ ವೋಟಿನಿಂದ ಬಿದ್ದುಹೋಯಿತು.

ವಾಪಸ್ ಬರುವಾಗ ಅಪ್ಪ ರೇಡಿಯೋ ಹಾಕಿಕೊಂಡು ಡ್ರೈವ್ ಮಾಡಿದರು. ನಾಳೆ ಬೆಳಿಗ್ಗೆ ವೀಸಾ ಲಾಯರಿಗೆ ಫೋನ್ ಹೋಗುವುದು ಖಂಡಿತ ಅಂದುಕೊಂಡು ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಅರ್ಧ ದಾರಿಯಲ್ಲಿ ಕ್ಯಾಲಮಜೂ ಊರಿನ ಎಕ್ಸಿಟ್ ದಾಟಿದ ಮೇಲೆ ಅಪ್ಪ ರೇಡಿಯೋ ಆಫ್ ಮಾಡಿದರು.

"ಅಲ್ಲ ಪುಟ್ಟಿ, ಆ ಸ್ವೀಡನ್‌ನೋನು ಒಬ್ಬ ನಮ್ಮ ಕಡೆ ಕೈ ಎತ್ತಿದ್ದಿದ್ರೆ ನಾವು ಗೆದ್ದುಬಿಡ್ತಿದ್ವಿ, ಅಲ್ವಾ?"