ಏಳನೇ ಪುಟದ ಗುಂಡಮ್ಮ

ಬೆಳಿಗ್ಗೆ 6.10. ಪತ್ರಿಕೆಯ ಏಳನೇ ಪುಟದಲ್ಲಿ ಎರಡು ನಿಧನ ಸುದ್ದಿಗಳ ಫೋಟೊ ಅದಲುಬದಲಾಗಿದ್ದವು.

ಬೀದರಿನ ಚಿದ್ರಿಯಲ್ಲಿ ಹಲ್ಲುಜ್ಜುತ್ತಿದ್ದ ಉಪಸಂಪಾದಕ ದತ್ತಾತ್ರಿಗೆ ಇದನ್ನು ಮೊದಲು ತಿಳಿಸಿದವರು ಪಕ್ಕದ ಮನೆಯ ಅಂಜನಾಬಾಯಿ. ಅವರ ತವರು ಔರಾದ ತಾಲ್ಲೂಕಿನ ಚಿಂತಾಕಿ.

“ದತ್ತಾತ್ರಿ, ಈಕಿ ನಮ್ಮೂರ ಗುಂಡಮ್ಮ ಅಲ್ಲೇನಪಾ? ನಾಕು ಲಗ್ನ ಆಗಿದ್ಳಂತ! ಎಪ್ಪತ್ತು ಸಿನಿಮಾ ಬ್ಯಾರೆ!”

ತಲೆ ತುಂಬ ಸೆರಗು, ಹಣೆ ತುಂಬ ವಿಭೂತಿಯ ಗುಂಡಮ್ಮನ (86) ಫೋಟೊದ ಕೆಳಗೆ ಅಮೆರಿಕದ ನಟಿ ಲೋರ್ನಾ ವಿಟ್‌ಫೀಲ್ಡ್ (91) ಅವರ ಜೀವನವಿತ್ತು: ಹದಿನಾರಕ್ಕೆ ಮನೆ ಬಿಟ್ಟು ಓಡಿದ್ದು, ಮೊದಲ ಚಿತ್ರದಲ್ಲೇ ಕುದುರೆಯಿಂದ ಬಿದ್ದದ್ದು, ನಾಲ್ಕು ಮದುವೆ, ಒಬ್ಬ ನಿರ್ದೇಶಕನ ಕಪಾಳಕ್ಕೆ ಹೊಡೆದದ್ದು. ತೋಳಿಲ್ಲದ ಗೌನಿನಲ್ಲಿ ನಗುತ್ತಿದ್ದ ನಟಿಯ ಕೆಳಗೆ, ‘ದಾಸೋಹಿ ಗುಂಡಮ್ಮ ಲಿಂಗೈಕ್ಯ. ಇಂದು ಮಧ್ಯಾಹ್ನ 12ಕ್ಕೆ ಚಿಂತಾಕಿಯ ಹೊಲದಲ್ಲಿ ಅಂತ್ಯಕ್ರಿಯೆ’.

ದತ್ತಾತ್ರಿ ಭಾಲ್ಕಿಗೆ ಫೋನ್ ಮಾಡಿದ. ಪುಟ ಕಟ್ಟುವ ಅಖೀಲ ಅಲ್ಲಿ ತನ್ನ ಮನೆಯಿಂದಲೇ ಕೆಲಸ ಮಾಡುತ್ತಾನೆ.

“ಸರ್, ಫೋಟೊಕ್ಕ ನಿಧನ-1, ನಿಧನ-2 ಅಂತ ಹೆಸರು ಕೊಟ್ಟವರು ನೀವ. ನಾ ನಂಬರ್ ನೋಡಿ ಹಾಕೀನ್ರಿ.”

ಅಖೀಲನ ಮಾತು ನಿಜವಾಗಿತ್ತು; ನಂಬರ್ ಅದಲುಬದಲು ಮಾಡಿದ್ದು ದತ್ತಾತ್ರಿಯೇ. ಅಷ್ಟರಲ್ಲಿ ಸಂಪಾದಕರ ಫೋನ್ ಬಂತು. “ಮಣ್ಣಿಗಿಂತ ಮುಂಚೆ ಹೋಗಿ ಮಾಫಿ ಕೇಳ್ರಿ. ಅವ್ರು ಒಪ್ಪಲಿಲ್ಲಂದ್ರ ನಾಳಿಂದ ಆಫೀಸಿಗಿ ಬರಬ್ಯಾಡ್ರಿ.”

ಔರಾದ ಬಸ್ಸಿನಲ್ಲಿ ಮೂವರು ಅದೇ ಪುಟ ಓದುತ್ತಿದ್ದರು.

“ಅಮೆರಿಕಾದಕಿಗಿ ಚಿಂತಾಕ್ಯಾಗ ಹೊಲ ಅದ ಅಂತ ಗೊತ್ತೇ ಇರಲಿಲ್ಲ ನೋಡ್ರಿ,” ಎಂದ ಒಬ್ಬ.

“ಬರದವಗ ತಲಿ ಅದ ಇಲ್ಲೋ?” ಎಂದು ಇನ್ನೊಬ್ಬ ದತ್ತಾತ್ರಿಯನ್ನೇ ಕೇಳಿದ.

ಪರೀಕ್ಷೆಯಲ್ಲಿ ಚೀಟಿ ಬಚ್ಚಿಟ್ಟವನಂತೆ ದತ್ತಾತ್ರಿ ತನ್ನ ಪತ್ರಿಕೆಯನ್ನು ಅಂಗಿಯೊಳಗೆ ತುರುಕಿಕೊಂಡ.

ಚಿಂತಾಕಿ ತಲುಪಿದಾಗ 10.50. ಗುಂಡಮ್ಮನನ್ನು ಕೂರಿಸಿ ಹೂವು ಏರಿಸಿದ್ದರು. ಮುಂದೆ ಭಜನೆ ನಡೆದಿತ್ತು. ದತ್ತಾತ್ರಿ ಆಕೆಯ ಮಗ ಶಿವರಾಜಪ್ಪನಿಗೆ ಕೈಮುಗಿದ. “ತಪ್ಪ ಆಗ್ಯಾದ್ರಿ.” ಭಜನೆ ನಿಂತಿತು.

“ಇದು ಬರದವ್ರು ಯಾರ್ರಿ?”

“ನಾನೇ ರೀ.”

ಶಿವರಾಜಪ್ಪ ಪತ್ರಿಕೆಯನ್ನು ಇನ್ನೊಮ್ಮೆ ಓದಿದ. “ಕಪಾಳಕ್ಕ ಹೊಡದದ್ದು ಖರೇ ಅದರಿ. ಊರ ಪಟೇಲಗ ಹೊಡದಿದ್ಳು.”

“ಬಿದ್ದದ್ದೂ ಖರೇ,” ಎಂದಳು ಗುಂಡಮ್ಮನ ತಂಗಿ. “ಕುದುರಿ ಅಲ್ಲ, ಎತ್ತಿನ ಬಂಡಿ. ನಾಕು ಲಗ್ನ ಮಾತ್ರ ಸುಳ್ಳ. ಒಬ್ಬನ್ನ ಸುಧಾರಿಸೋದ್ರಾಗ ಆಯುಷ್ಯ ಮುಗದದ.”

ಕೂತವರು ನಕ್ಕರು. ಶಿವರಾಜಪ್ಪ ಸಂಪಾದಕರಿಗೆ ತಾನೇ ಫೋನ್ ಮಾಡಿ ಮಾಫಿ ಕೊಟ್ಟ. ಒಂದೇ ಷರತ್ತು: ನಾಳೆ ಅವ್ವನ ಸುದ್ದಿ ಅವ್ವನ ಫೋಟೊದ ಜೊತೆಗೇ ಬರಬೇಕು. “ಇನ್ನೊಮ್ಮಿ ತಪ್ಪಿತಂದ್ರ ನಾವೇ ಬೀದರಿಗಿ ಬರ್ತೇವ್ರಿ.”

ಸಂಜೆ 5.30ಕ್ಕೆ ದತ್ತಾತ್ರಿ ಕಚೇರಿಗೆ ಮರಳಿದ. ಸುದ್ದಿಸಂಸ್ಥೆಯಿಂದ ಹೊಸ ಸಂದೇಶ ಬಂದಿತ್ತು. ಲೋರ್ನಾ ವಿಟ್‌ಫೀಲ್ಡ್ ಸತ್ತಿರಲಿಲ್ಲ, ಹಿಂದಿನ ದಿನದ ಸುದ್ದಿ ಸುಳ್ಳು. ಹಾಗಾಗಿ ನಾಳೆಗೆ ಎರಡು ತಿದ್ದುಪಡಿ, ಎರಡು ಫೋಟೊ. ದತ್ತಾತ್ರಿ ಈ ಸಲ ಎಚ್ಚರ ವಹಿಸಿದ.

“ಅಖೀಲ, ನಂಬರ್ ಉಲ್ಟಾ ಆಗ್ಯಾವ. ಗುಂಡಮ್ಮಗ ಎರಡು ಹಾಕು, ನಟಿಗಿ ಒಂದು ಹಾಕು. ತಲಿ ಓಡಸಬ್ಯಾಡ, ಹೇಳಿದಷ್ಟು ಮಾಡು.”

“ಆಯ್ತ್ರಿ ಸರ್.”

ಮರುದಿನ ಬೆಳಿಗ್ಗೆ 6.10ಕ್ಕೆ ಅಂಜನಾಬಾಯಿ ಓಡುತ್ತಾ ಬಂದರು. ಏಳನೇ ಪುಟದಲ್ಲಿ ಸೆರಗು ಹೊದ್ದ ಗುಂಡಮ್ಮನ ಫೋಟೊ, ಅದರ ಕೆಳಗೆ ದಪ್ಪಕ್ಷರ: ‘ನಾನು ಸತ್ತಿಲ್ಲ. ಮುಂದಿನ ತಿಂಗಳು ಹೊಸ ಚಿತ್ರದ ಶೂಟಿಂಗ್ ಇದೆ.’

ಹಿಂದಿನ ದಿನ ದತ್ತಾತ್ರಿ ಬಸ್ಸಿನಲ್ಲಿದ್ದಾಗಲೇ ಅಖೀಲ ಎರಡೂ ಫೋಟೊಗಳ ನಂಬರ್ ಸರಿಮಾಡಿಟ್ಟಿದ್ದ.

ಚಿಂತಾಕಿಯಿಂದ ಬಂದ ಜೀಪು 9.20ಕ್ಕೆ ಕಚೇರಿಯ ಮುಂದೆ ನಿಂತಿತು. ಎಂಟು ಜನ ಇಳಿದರು.